ದುಡ್ಡಿಗೆ ಪಾರ್ಟು, ದುಡ್ಡು ಕೊಟ್ಟು ಪಾರ್ಟು

ಮಂಗಳವಾರ ಬೆಳಗ್ಗೆ ಹತ್ತೂಕಾಲು. ಸ್ಟ್ಯಾಂಡಪ್ ಮೀಟಿಂಗ್ ನಡೀತಿತ್ತು. ಅಪ್ಪನ ಫೋನನ್ನ ಎರಡು ಸಲ ಕಟ್ ಮಾಡಿದೆ. ಮೂರನೇ ಸಲ ಬಂದಾಗ ಹೆದರಿಕೆ ಆಯ್ತು. ಊರಿಂದ ಒಂದೇ ಸಮನೆ ಮೂರು ಸಲ ಫೋನ್ ಬಂತು ಅಂದ್ರೆ ಆಸ್ಪತ್ರೆ, ಇಲ್ಲಾಂದ್ರೆ ಸಾವು. ಬೆಂಗಳೂರಲ್ಲಿರೋ ನಮ್ಮಂಥವರ ಲೆಕ್ಕ ಇದು. ಮ್ಯೂಟ್ ಮಾಡಿಕೊಂಡು ಕಾರಿಡಾರಿಗೆ ಓಡಿದೆ.

“ಮಗಾ, ಕರ್ಣ ಸಿಕ್ತು ಕಣ್ಲಾ.”

ಯಾವ ಕರ್ಣ, ಎಲ್ಲಿ ಕಳೆದುಹೋಗಿದ್ದ ಅಂತ ತಿಳಿಯೋಕೆ ಎರಡು ಸೆಕೆಂಡ್ ಬೇಕಾಯ್ತು. ಊರಲ್ಲಿ ಈ ವರ್ಷ ‘ಕುರುಕ್ಷೇತ್ರ’ ಆಡ್ತಾರೆ. ಶಿವರಾತ್ರಿ ಕಳೆದ ಮೇಲೆ. ಅರವತ್ನಾಲ್ಕು ವರ್ಷದ ನಮ್ಮಪ್ಪನಿಗೆ ಕರ್ಣನ ಪಾತ್ರ ಸಿಕ್ಕಿದೆ. ಸಂತೋಷಪಟ್ಟೆ. ಆಮೇಲೆ ಅಪ್ಪ ದನಿ ಸ್ವಲ್ಪ ತಗ್ಗಿಸಿ, “ಒಂದ್ ನಲವತ್ತು ಸಾವಿರ ಆಯ್ತದೆ. ಸೊಪ್ಪು ಈ ಸಲ ಮಳೇಲಿ ಕೆಟ್ಟೋಯ್ತಲ್ಲ, ಅದಕ್ಕೇ ನಿನ್ ಕೇಳ್ತಿರೋದು” ಅಂದರು. ದಾನಶೂರ ಕರ್ಣನ ಪಾರ್ಟಿಗೆ ಮಗನ ಹತ್ತಿರ ದಾನ! ಈ ಜೋಕನ್ನ ಅಪ್ಪನಿಗೆ ಹೇಳೋ ಧೈರ್ಯ ಮಾತ್ರ ಬರಲಿಲ್ಲ.

ನಮ್ಮ ಕಡೆಯವರಲ್ಲದ ಓದುಗರಿಗೆ ಈ ವ್ಯವಹಾರ ಸ್ವಲ್ಪ ವಿಚಿತ್ರ ಅನ್ನಿಸಬಹುದು. ನಾಟಕದಲ್ಲಿ ಪಾತ್ರ ಮಾಡಿದರೆ ದುಡ್ಡು ಬರಬೇಕಲ್ಲವಾ, ಇವರು ಯಾಕೆ ಕೊಡ್ತಾರೆ? ಹಾಸನ, ಮಂಡ್ಯ, ತುಮಕೂರು ಸೀಮೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕ ನಡೆಯೋದು ಹೀಗೇ. ಪಾತ್ರ ಮಾಡುವವರೇ ದುಡ್ಡು ಹಾಕಬೇಕು. ಕೃಷ್ಣ, ದುರ್ಯೋಧನ, ಕರ್ಣ, ಭೀಮ ದೊಡ್ಡ ಮೊತ್ತದ ಪಾತ್ರಗಳು. ವಿದುರ, ಸಾತ್ಯಕಿ ಸ್ವಲ್ಪ ಅಗ್ಗ. ಆ ದುಡ್ಡಲ್ಲಿ ಹಾರ್ಮೋನಿಯಂ ಮೇಷ್ಟ್ರ ಸಂಬಳ, ಸೀನರಿ ಬಾಡಿಗೆ, ಡ್ರೆಸ್ಸು, ಮೈಕು, ಫ್ಲೆಕ್ಸು ಎಲ್ಲಾ ಆಗಬೇಕು. ಮೂರು ತಿಂಗಳು ರಾತ್ರಿ ಹೊತ್ತು ತಾಲೀಮು. ಆಮೇಲೆ ಒಂದೇ ಒಂದು ರಾತ್ರಿ ಆಟ. ಬೆಳಗಿನ ಜಾವ ದುರ್ಯೋಧನ ಬೀಳೋವರೆಗೂ ನಡೆಯುತ್ತೆ. ನಮ್ಮೂರು ಅರಕಲಗೂಡು ತಾಲ್ಲೂಕಿನಲ್ಲಿ, ರಾಮನಾಥಪುರದ ಆಸುಪಾಸು. ಮೇಷ್ಟ್ರು ಹೊಳೆನರಸೀಪುರ ಕಡೆಯವರು, ಸೀನರಿ ಚನ್ನರಾಯಪಟ್ಟಣದಿಂದ, ದ್ರೌಪದಿ–ಕುಂತಿ ಪಾತ್ರದ ಕಲಾವಿದೆಯರು ಹಾಸನದಿಂದ. ಒಂದು ನಾಟಕಕ್ಕೆ ಜಿಲ್ಲೆಯ ಅರ್ಧ ಭಾಗ ಸೇರುತ್ತೆ ಅಂದ್ಕೊಳ್ಳಿ.

ಅಪ್ಪನ ಜತೆ ಮಾತಾಡಿ ವಾಪಸ್ ಬಂದು ಕೂತೆ. ನಮ್ಮ ಟೀಮಿಗೆ ಹೊಸದಾಗಿ ಸೇರಿದ ಹುಡುಗ ತನ್ನ ಪರಿಚಯ ಮಾಡಿಕೊಳ್ತಿದ್ದ. ತನಗೆ ಪೇಮೆಂಟ್ ಸಿಸ್ಟಮ್ ಅಂದ್ರೆ ಪ್ಯಾಷನ್ ಅಂದ. ಯಾರೂ ನಗಲಿಲ್ಲ. ಸಂಬಳಕ್ಕೆ ಮಾಡುವ ಕೆಲಸವನ್ನ ಪ್ರೀತಿಯಿಂದ ಮಾಡ್ತೀನಿ ಅಂತ ಹೇಳೋದು ನಮ್ಮ ಲೋಕದ ಶಿಷ್ಟಾಚಾರ. ಇಂಟರ್‌ವ್ಯೂನಲ್ಲಿ ‘ದುಡ್ಡಿಗೋಸ್ಕರ ಬಂದಿದೀನಿ ಸಾರ್’ ಅಂದ್ರೆ ಕೆಲಸ ಸಿಗಲ್ಲ. ಅತ್ತ ನಮ್ಮಪ್ಪ ಪ್ರೀತಿಗೆ ದುಡ್ಡು ಕೊಡ್ತಾರೆ. ಇತ್ತ ನಾವು ದುಡ್ಡು ತಗೊಂಡು ಪ್ರೀತಿ ಅಂತೀವಿ. ಅವತ್ತಿಡೀ ದಿನ ತಲೆಯಲ್ಲಿ ಇದೇ ಕೊರೀತಿತ್ತು. ದುಡ್ಡಿಗೆ ಮಾಡಿದ ಕೆಲಸಕ್ಕೂ ದುಡ್ಡಿಲ್ಲದೆ ಮಾಡಿದ ಕೆಲಸಕ್ಕೂ ನಡುವೆ ನಿಜವಾಗಿಯೂ ಮೇಲು ಕೀಳು ಅಂತ ಇದೆಯಾ?

ಈ ಪ್ರಶ್ನೆ ಬಂದಾಗೆಲ್ಲ ನನಗೆ ನೆನಪಾಗೋದು ಗಿರೀಶ ಕಾರ್ನಾಡರು. ನಾಟಕ ಬರೆದವರು, ನಟಿಸಿದವರು, ಎರಡರಲ್ಲೂ ಹೆಸರು ಮಾಡಿದವರು. ಆದರೆ ಆ ಎರಡು ಕೆಲಸಗಳನ್ನ ಅವರು ಒಂದೇ ತಕ್ಕಡಿಯಲ್ಲಿ ಇಡಲಿಲ್ಲ. ಸಿನಿಮಾದಲ್ಲಿ ನಟಿಸೋದು ಜೀವನೋಪಾಯಕ್ಕೆ, ತಾನು ಮೂಲತಃ ನಾಟಕಕಾರ ಅನ್ನೋ ಅರ್ಥದ ಮಾತನ್ನ ಸಂದರ್ಶನಗಳಲ್ಲಿ ಸಂಕೋಚ ಇಲ್ಲದೆ ಹೇಳ್ತಿದ್ರು. ಮೊದಮೊದಲು ಓದಿದಾಗ ಸ್ವಲ್ಪ ಬೇಜಾರಾಗಿತ್ತು. ನಾವು ಚಿಕ್ಕವರಿದ್ದಾಗ ‘ಮಾಲ್ಗುಡಿ ಡೇಸ್’ ಸೀರಿಯಲ್ಲಿನ ಸ್ವಾಮಿಯ ಅಪ್ಪನನ್ನ ನೋಡಿ ಹೆದರಿದವರು. ಆ ಹೆದರಿಕೆಗೆ ಅವರು ಚೆಕ್ ತಗೊಂಡಿದ್ರಾ?

ತಗೊಂಡೇ ತಗೊಂಡಿರ್ತಾರೆ. ಅವರ ಬದುಕಿನ ಲೆಕ್ಕ ತೆಗೆದರೆ ವಿಷಯ ಗೊತ್ತಾಗುತ್ತೆ. ಧಾರವಾಡದಲ್ಲಿ ಗಣಿತ ಓದಿ, ರೋಡ್ಸ್ ಸ್ಕಾಲರ್‌ಶಿಪ್ಪಲ್ಲಿ ಆಕ್ಸ್‌ಫರ್ಡಿಗೆ ಹೋಗಿ, 1963ರಲ್ಲಿ ವಾಪಸ್ ಬಂದು ಮದರಾಸಿನ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಲ್ಲಿ ಕೆಲಸಕ್ಕೆ ಸೇರಿದರು. ಅಲ್ಲಿ ಏಳು ವರ್ಷ ಇದ್ದರು. ‘ತುಘಲಕ್’ ಬಂದಿದ್ದು 1964ರಲ್ಲಿ. ಅಂದರೆ ಕನ್ನಡದ ಅಷ್ಟು ದೊಡ್ಡ ನಾಟಕ ಬಂದಾಗ ಅದರ ಲೇಖಕ ನಮ್ಮ ಹಾಗೆ ತಿಂಗಳ ಸಂಬಳದ ನೌಕರ. 1970ರಲ್ಲಿ ಕೆಲಸ ಬಿಟ್ಟರು, ಆದರೆ ಬರಿಗೈಯಲ್ಲಿ ಬಿಡಲಿಲ್ಲ. ಹೋಮಿ ಭಾಭಾ ಫೆಲೋಶಿಪ್ ಇತ್ತು. ಜತೆಗೆ ‘ಸಂಸ್ಕಾರ’ದ ಪ್ರಾಣೇಶಾಚಾರ್ಯ, ‘ಮಂಥನ್’ನ ಡಾಕ್ಟರ್ ರಾವ್, ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ನಿರ್ದೇಶಕ ಹುದ್ದೆ, ಟಿವಿ, ತಮಿಳು–ಹಿಂದಿ ಸಿನಿಮಾಗಳ ಅಪ್ಪ, ಅಧಿಕಾರಿ, ಖಳನಾಯಕ. ಎಪ್ಪತ್ತು ದಾಟಿದ ಮೇಲೆ ಸಲ್ಮಾನ್ ಖಾನ್ ಸಿನಿಮಾದಲ್ಲಿ ಗೂಢಚಾರರ ಬಾಸ್. ಇದರ ನಡುನಡುವೆ, ಕೆಲವೊಮ್ಮೆ ಏಳೆಂಟು ವರ್ಷ ಬಿಟ್ಟು, ಒಂದು ನಾಟಕ. 1961ರ ‘ಯಯಾತಿ’ಯಿಂದ 2018ರ ‘ರಾಕ್ಷಸ ತಂಗಡಿ’ವರೆಗೆ ಐವತ್ತೇಳು ವರ್ಷ ಇದೇ ಓಟ. (ನಮ್ಮ ಜಿಲ್ಲೆಗೂ ಅವರಿಗೂ ಒಂದು ನಂಟಿದೆ. ಅವರು ಬಿ.ವಿ. ಕಾರಂತರ ಜತೆ ಸೇರಿ ನಿರ್ದೇಶಿಸಿದ ಮೊದಲ ಸಿನಿಮಾ 1971ರ ‘ವಂಶವೃಕ್ಷ’. ಕಾದಂಬರಿ ಚನ್ನರಾಯಪಟ್ಟಣ ತಾಲ್ಲೂಕು ಸಂತೇಶಿವರದ ಎಸ್.ಎಲ್. ಭೈರಪ್ಪನವರದ್ದು. 1977ರ ‘ತಬ್ಬಲಿಯು ನೀನಾದೆ ಮಗನೆ’ ಕೂಡ ಅವರದ್ದೇ. ಮುಂದೆ ಟಿಪ್ಪು ವಿಚಾರದಲ್ಲಿ ಇಬ್ಬರೂ ಪೇಪರಿನಲ್ಲಿ ಕಿತ್ತಾಡಿದರು, ಅದು ಬೇರೆ ಕತೆ.)

ಇದಕ್ಕೆ ತದ್ವಿರುದ್ಧ ಕೈಲಾಸಂ. ಜಡ್ಜ್ ಮಗ, ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದು, ಮೈಸೂರು ಸರ್ಕಾರದ ಒಳ್ಳೆ ಕೆಲಸ ಬಿಟ್ಟು, ನಾಟಕ ಹೇಳಿಕೊಂಡು ತಿರುಗಿದವರು. ನಮಗೆ ಕೈಲಾಸಂ ಕತೆ ಕೇಳೋಕೆ ಇಷ್ಟ. ಕಲಾವಿದ ಅಂದ್ರೆ ಹಾಗಿರಬೇಕು, ಸಿಗರೇಟು ಸೇದ್ತಾ ಯಾವುದೋ ರೂಮಿನಲ್ಲಿ ನಾಲ್ಕು ಜನರನ್ನ ಕೂರಿಸ್ಕೊಂಡು ಒಂದಿಡೀ ನಾಟಕ ಬಾಯಲ್ಲೇ ಹೇಳಿಬಿಡಬೇಕು ಅಂತ. ಅವರನ್ನ ಮೆಚ್ಚಿಕೊಂಡು ಸೋಮವಾರ ಬೆಳಗ್ಗೆ ನಾವು ಆಫೀಸಿಗೆ ಹೋಗ್ತೀವಿ. ಕೈಲಾಸಂ ನಮ್ಮ ಬದಲಿಗೆ ಕೆಲಸ ಬಿಟ್ಟುಕೊಟ್ಟವರು.

ಕಾರ್ನಾಡರ ದಾರಿಯಲ್ಲಿ ಅಂಥ ರೋಚಕತೆ ಇಲ್ಲ. ಆದರೆ ಅದರಲ್ಲಿ ಒಂದು ಪ್ರಾಮಾಣಿಕತೆ ಇದೆ ಅಂತ ಈಗೀಗ ಅನ್ನಿಸ್ತಿದೆ. ಇದು ಅನ್ನಕ್ಕೆ, ಇದು ನನಗೆ ಅಂತ ಎರಡು ಡಬ್ಬಿಗೂ ಸರಿಯಾದ ಚೀಟಿ ಅಂಟಿಸಿದವರು. ನಾಟಕದಿಂದ ಹೊಟ್ಟೆ ತುಂಬಬೇಕು ಅಂತ ಇಲ್ಲದ್ದರಿಂದ ನಾಟಕ ಯಾರಿಗೂ ಹಲ್ಲು ಗಿಂಜಬೇಕಾಗಲಿಲ್ಲ. ಏಳು ವರ್ಷ ಬರೀದೇ ಇದ್ರೂ ಪರವಾಗಿಲ್ಲ, ಒಲೆ ಉರೀತಿತ್ತು. ಹಾಗಂತ ದುಡ್ಡಿಗೆ ಮಾಡಿದ ಪಾರ್ಟನ್ನ ಕಾಟಾಚಾರಕ್ಕೆ ಮಾಡಿದರು ಅಂತಲೂ ಇಲ್ಲ. ಸ್ವಾಮಿಯ ಅಪ್ಪ ಪೇಪರ್ ಮಡಿಸಿಟ್ಟು ಮಗನನ್ನ ನೋಡಿದರೆ ಟಿವಿ ಮುಂದೆ ಕೂತ ನಾವೂ ನೆಟ್ಟಗಾಗ್ತಿದ್ವಿ.

ಇಲ್ಲಿಗೆ ಪ್ರಶ್ನೆ ಮುಗೀತು ಅಂತ ನಾನೂ ಅಂದ್ಕೊಂಡಿದ್ದೆ. ದುಡ್ಡಿಗೆ ಮಾಡೋದು ತಪ್ಪಲ್ಲ, ಸುಳ್ಳು ಹೇಳದೆ ಮಾಡಬೇಕು, ಚೆನ್ನಾಗಿ ಮಾಡಬೇಕು. ಒಳ್ಳೆ ತೀರ್ಮಾನ, ಸ್ಟೇಟಸ್ ಹಾಕಬಹುದು. ಆದರೆ ಎರಡು ವರ್ಷದ ಹಿಂದೆ ಊರಲ್ಲಿ ನಡೆದ ನಾಟಕದ ಮಾರನೆ ಬೆಳಗ್ಗೆ ನೆನಪಾಗಿ ಈ ತೀರ್ಮಾನ ಅಲುಗಾಡಿತು.

ಅವತ್ತು ಅಪ್ಪನದ್ದು ವಿದುರನ ಪಾತ್ರ. ಬೆಳಗ್ಗೆ ಆರಕ್ಕೆ ಮಂಗಳ ಹಾಡಿ ಮುಗಿಸಿದರು. ದ್ರೌಪದಿ ಪಾತ್ರ ಮಾಡಿದ ಹೆಂಗಸನ್ನ ಹಾಸನಕ್ಕೆ ಬಿಟ್ಟು ಬಾ ಅಂತ ಅಪ್ಪ ನನ್ನನ್ನ ಕಳಿಸಿದರು. ಕಾರಿತ್ತಲ್ಲ, ಅದಕ್ಕೆ. ಆಕೆಗೆ ಐವತ್ತರ ಹತ್ತಿರ ಇರಬಹುದು. ಹಿಂದಿನ ಸೀಟಲ್ಲಿ ಕೂತು, ಮುಖದ ಬಣ್ಣ ಪೂರ್ತಿ ಹೋಗಿರಲಿಲ್ಲ, ಬ್ಯಾಗಿನಿಂದ ನೋಟು ತೆಗೆದು ಎಣಿಸಿದರು. ಮಾತಾಡಿದ್ದಕ್ಕಿಂತ ಐನೂರು ಕಮ್ಮಿ ಇತ್ತಂತೆ. ನಾನು ಕೊಡೋಕೆ ಹೋದೆ. “ನೀವ್ಯಾಕೆ ಕೊಡ್ತೀರ ಸಾರ್, ಬಿಡಿ. ಮುಂದಿನ ಸಲ ಕರೆದಾಗ ಜಾಸ್ತಿ ಹೇಳ್ತೀನಿ” ಅಂದರು.

ದಾರಿಯಲ್ಲಿ ಮಾತಿಗೆ ಮಾತು ಬಂತು. “ನಿಮ್ಮ ತಂದೆಯವರ ಕಂಠ ಚೆನ್ನಾಗಿದೆ, ತಾಳ ಮಾತ್ರ ಬಿಟ್ಟುಬಿಡ್ತಾರೆ” ಅಂದರು. ದುರ್ಯೋಧನ ಎರಡು ಕಡೆ ಮಾತು ಮರೆತನಂತೆ. ಇವರೇ ತಲೆ ಬಗ್ಗಿಸಿಕೊಂಡು ಅಳೋ ಥರ ಸೆರಗು ಬಾಯಿಗೆ ಇಟ್ಟುಕೊಂಡು ಮುಂದಿನ ಸಾಲು ಹೇಳಿಕೊಟ್ಟರಂತೆ. ನಾನು ಎದುರಿಗೇ ಕೂತಿದ್ದೆ, ಗೊತ್ತೇ ಆಗಿರಲಿಲ್ಲ. ಆಹಾ ಎಷ್ಟು ಚೆನ್ನಾಗಿ ಅಳ್ತಾರೆ ಅಂತ ಅಂದ್ಕೊಂಡಿದ್ದೆ. ಸೀಸನ್ನಿನಲ್ಲಿ ತಿಂಗಳಿಗೆ ಹದಿನೈದು ಇಪ್ಪತ್ತು ರಾತ್ರಿ ಇದೇ ಕೆಲಸ. ಅವತ್ತು ರಾತ್ರಿ ಚನ್ನರಾಯಪಟ್ಟಣದ ಹತ್ತಿರ ಇನ್ನೊಂದು ನಾಟಕ ಇತ್ತು. “ಅವರಿಗೆ ವರ್ಷಕ್ಕೆ ಒಂದು ರಾತ್ರಿ ಸಾರ್, ಎದೆ ಹೊಡ್ಕೊಳ್ತಿರುತ್ತೆ. ನಾವು ಇಬ್ಬರೂ ಒಟ್ಟಿಗೆ ಹೆದರಿದರೆ ನಾಟಕ ಆಗಲ್ಲ.” ಬಾಡಿಗೆ ಮನೆ ಓನರಿಗೆ ಟೈಲರಿಂಗ್ ಮಾಡ್ತೀನಿ ಅಂತ ಹೇಳಿದಾರಂತೆ. ನಾಟಕ ಅಂದ್ರೆ ಮನೆ ಕೊಡಲ್ಲ.

ಆ ಇಡೀ ವೇದಿಕೆ ಮೇಲೆ ನಿಜವಾಗಿ ಕೆಲಸ ಗೊತ್ತಿದ್ದವರು ಆಕೆ. ಸಂಭಾವನೆಗೆ ಬಣ್ಣ ಹಚ್ಚಿದವರೂ ಆಕೆ, ಅವರ ಜತೆಯ ಇನ್ನಿಬ್ಬರು ಹೆಂಗಸರು, ಅಷ್ಟೇ. ದುಡ್ಡು ಕೊಟ್ಟ ಗಂಡಸರಿಗೆ ನೆಂಟರು ಬಂದು ಹೂವಿನ ಹಾರ ಹಾಕಿದರು, ಉಂಗುರ ತೊಡಿಸಿದರು, ಫೋಟೋ ಹೊಡೆಸಿಕೊಂಡರು, ಫ್ಲೆಕ್ಸಲ್ಲಿ ಎಲ್ಲರ ಮುಖ ಇತ್ತು. ದುಡ್ಡು ತಗೊಂಡ ಹೆಂಗಸಿಗೆ ಹಿಂದಿನ ಸಾಲಿಂದ ಶಿಳ್ಳೆ ಬಂತು, ಜತೆಗೆ ಬರೆಯೋಕಾಗದ ಒಂದೆರಡು ಮಾತು ಬಂತು. ನಾನು ಆ ಮಾತು ಕೇಳಿಸ್ಕೊಂಡೆ. ಎದ್ದು ಹೋಗಿ ಸುಮ್ಮನಿರ್ರೋ ಅನ್ನಲಿಲ್ಲ. ನಮ್ಮೂರಿನ ಹುಡುಗರು, ಯಾಕೆ ಗಲಾಟೆ ಅಂತ ಕೂತೆ.

ಈಗ ಕಾರ್ನಾಡರ ಮಾತನ್ನ ಈ ಕಾರಿನ ಹಿಂದಿನ ಸೀಟಲ್ಲಿ ಇಟ್ಟು ನೋಡಿ. ‘ನಾನು ದುಡ್ಡಿಗೆ ನಟಿಸ್ತೀನಿ’ ಅಂತ ಅವರು ಹೇಳಿದರೆ ನಮಗೆ ಅದು ದೊಡ್ಡತನ, ನೇರ ನುಡಿ. ಆಕ್ಸ್‌ಫರ್ಡ್ ಯೂನಿಯನ್ನಿನ ಅಧ್ಯಕ್ಷರಾಗಿದ್ದವರು, ಜ್ಞಾನಪೀಠ ಬಂದವರು. ಆ ಮಾತಿಂದ ಅವರು ಕಳ್ಕೊಳ್ಳೋದು ಏನೂ ಇರಲಿಲ್ಲ. ಅದೇ ಮಾತನ್ನ ಈಕೆ ಹೇಳಿದರೆ ಬಾಡಿಗೆ ಮನೆ ಹೋಗುತ್ತೆ. ಕಾರ್ನಾಡರು ಸುಳ್ಳು ಹೇಳಲಿಲ್ಲ, ಆಕೆ ಹೇಳಿದರು ಅಂತ ಲೆಕ್ಕ ಹಾಕಿ ಒಬ್ಬರಿಗೆ ಹೆಚ್ಚು ಮಾರ್ಕ್ಸ್ ಕೊಟ್ಟರೆ ನಮ್ಮಂಥ ದಡ್ಡರು ಇನ್ನೊಬ್ಬರಿಲ್ಲ. ಪ್ರಾಮಾಣಿಕತೆಗೂ ಬೆಲೆ ಕಟ್ಟಬೇಕಾಗುತ್ತೆ, ಆ ಬೆಲೆ ಎಲ್ಲರಿಗೂ ಒಂದೇ ಇರೋದಿಲ್ಲ. ಇದು ಕಾರ್ನಾಡರ ತಪ್ಪು ಅಂತ ನಾನು ಹೇಳ್ತಿಲ್ಲ. ತಮ್ಮ ಆತ್ಮಕತೆ ‘ಆಡಾಡತ ಆಯುಷ್ಯ’ದಲ್ಲಿ ಅವರು ತಾಯಿ ವಿಧವೆಯಾಗಿದ್ದವರು, ಮರುಮದುವೆಯಾದವರು ಅನ್ನೋದನ್ನ ಮುಚ್ಚಿಡಲಿಲ್ಲ. ತಾನು ಹುಟ್ಟುವ ಮುಂಚೆ ಗರ್ಭಪಾತ ಮಾಡಿಸೋಕೆ ಹೋದಾಗ ಆಸ್ಪತ್ರೆಯಲ್ಲಿ ಇರದೇ ಇದ್ದ ಡಾಕ್ಟರಿಗೇ ಪುಸ್ತಕ ಅರ್ಪಿಸಿದ ಮನುಷ್ಯ ಅವರು. ಬೆಲೆ ತೆರೋಕೆ ಹೆದರಿದವರಲ್ಲ. ತಪ್ಪು ಕೇಳುವ ನಮ್ಮದು.

ಹಾಗೆ ನೋಡಿದರೆ ದುಡ್ಡಿಗೆ ನಾಟಕ ಅಂತ ರಾಜಾರೋಷವಾಗಿ ಆಡಿದವರೂ ಇದ್ದರು. ಮಾಸ್ಟರ್ ಹಿರಣ್ಣಯ್ಯನವರು ಬರೆದರು, ನಟಿಸಿದರು, ಕಂಪನಿ ಕಟ್ಟಿ ಊರೂರು ತಿರುಗಿದರು. ‘ಲಂಚಾವತಾರ’ದ ಪ್ರಯೋಗ ಸಾವಿರಾರು. ಅವರಿಗೆ ಅನ್ನದ ಡಬ್ಬಿ, ನಾಟಕದ ಡಬ್ಬಿ ಬೇರೆ ಬೇರೆ ಇರಲಿಲ್ಲ. ಟಿಕೆಟ್ ತಗೊಂಡವನೇ ಯಜಮಾನ. ಆದ್ರೂ ಆ ಯಜಮಾನನನ್ನೂ, ಮುಂದಿನ ಸಾಲಿನ ಮಂತ್ರಿಯನ್ನೂ ಬೈದೇ ದುಡ್ಡು ವಸೂಲಿ ಮಾಡ್ತಿದ್ರು. ಟಿಕೆಟ್ಟಿನ ದುಡ್ಡಿಂದ ಕಲೆಗೆ ಬೆನ್ನು ಬಾಗುತ್ತೆ ಅನ್ನೋರು ಹಿರಣ್ಣಯ್ಯನವರನ್ನ ನೆನೆಸ್ಕೋಬೇಕು. ಅವರು ತೀರಿಕೊಂಡಿದ್ದು 2019ರ ಮೇ 2ರಂದು, ಕಾರ್ನಾಡರು ಅದೇ ವರ್ಷ ಜೂನ್ 10ರಂದು. ನಲವತ್ತು ದಿನದೊಳಗೆ ಇಬ್ಬರು ನಾಟಕಕಾರ–ನಟರು ಹೋದರು. ಇವರನ್ನೂ ಅವರನ್ನೂ ಒಟ್ಟಿಗೆ ನೆನೆದ ಲೇಖನ ನನ್ನ ಕಣ್ಣಿಗಂತೂ ಬೀಳಲಿಲ್ಲ.

ನನ್ನ ವಿಷಯ ಹೇಳಬೇಕಲ್ಲ. ನಾನೂ ಬೆಂಗಳೂರಲ್ಲಿ ಒಂದು ಹವ್ಯಾಸಿ ತಂಡದಲ್ಲಿದ್ದೆ. ವಾರಕ್ಕೆ ಮೂರು ದಿನ ಆಫೀಸು ಮುಗಿಸಿ ಹನುಮಂತನಗರದ ಕಡೆ ತಾಲೀಮಿಗೆ ಹೋಗ್ತಿದ್ದೆ. ಹಾಲ್ ಬಾಡಿಗೆಗೆ ತಿಂಗಳಿಗೆ ಎಲ್ಲರೂ ಐನೂರು ಹಾಕ್ತಿದ್ವಿ, ಅಂದರೆ ನಾನೂ ಅಪ್ಪನ ಹಾಗೆ ದುಡ್ಡು ಕೊಟ್ಟೇ ಪಾರ್ಟು ಮಾಡಿದವನು, ಅಗ್ಗದ ದರದಲ್ಲಿ. ಹೋದ ವರ್ಷ ಪ್ರದರ್ಶನಕ್ಕೆ ಹನ್ನೆರಡು ದಿನ ಇದ್ದಾಗ ಆಫೀಸಲ್ಲಿ ರಿಲೀಸು ಬಂತು. ಬಿಟ್ಟುಬಿಟ್ಟೆ. ಯಾರೂ ಬಲವಂತ ಮಾಡಿರಲಿಲ್ಲ. ರಜ ಕೇಳಿದ್ರೆ ಕೊಡ್ತಿದ್ರೋ ಏನೋ, ಕೇಳಲೇ ಇಲ್ಲ. ತಂಡದವರಿಗೆ ‘ಹೊಟ್ಟೆಪಾಡು ಗುರುವೇ’ ಅಂತ ಮೆಸೇಜ್ ಹಾಕಿದೆ. ಅದು ಕಾರ್ನಾಡರ ಡಬ್ಬಿ ಲೆಕ್ಕ ಅಲ್ಲ. ಅವರು ಅನ್ನದ ಕೆಲಸ ಮಾಡಿದ್ದು ಇನ್ನೊಂದು ಕೆಲಸ ಉಳೀಲಿ ಅಂತ. ನಾನು ಅನ್ನದ ಕೆಲಸವನ್ನ ನೆಪ ಮಾಡ್ಕೊಂಡೆ. ಹೊಟ್ಟೆಪಾಡು ಅನ್ನೋ ಪದಕ್ಕೆ ಅಂಥ ಒಂದು ಅನುಕೂಲ ಇದೆ, ಯಾರೂ ಎದುರು ಮಾತಾಡಲ್ಲ.

ಅದಕ್ಕೇ ಏನೋ ಅಪ್ಪನ ನಲವತ್ತು ಸಾವಿರ ನನಗೆ ಅಷ್ಟು ಚುಚ್ಚಿತು. ಅಪ್ಪ ರಜ ಕೇಳಲಿಲ್ಲ, ನೆಪ ಹೇಳಲಿಲ್ಲ. ಬೇಕು ಅಂದ್ರೆ ಬೇಕು. ಅವತ್ತು ರಾತ್ರಿ ಹೆಂಡತಿ ಹತ್ತಿರ ವಿಷಯ ಹೇಳಿದೆ. “ಕೊಡು, ಅದರಲ್ಲೇನು? ನಾವು ಗೋವಾಕ್ಕೆ ಅದಕ್ಕಿಂತ ಜಾಸ್ತಿ ಖರ್ಚು ಮಾಡಿದ್ವಿ” ಅಂದಳು. ಆಮೇಲೆ ಸ್ವಲ್ಪ ಹೊತ್ತು ಬಿಟ್ಟು, “ಅತ್ತೆ ಏನಂತಾರೆ?” ಅಂದಳು.

ಕಾರ್ನಾಡರ ಮೊದಲ ನಾಟಕ ‘ಯಯಾತಿ’ ಓದಿರುವವರಿಗೆ ಈ ಪ್ರಶ್ನೆ ಎಲ್ಲೋ ಕೇಳಿದ ಹಾಗೆ ಅನ್ನಿಸಬಹುದು. ಮುಪ್ಪು ಬಂದ ಅಪ್ಪ ಮಗನ ಯೌವನ ಕೇಳ್ತಾನೆ, ಮಗ ಪುರು ಕೊಡ್ತಾನೆ. ಮಹಾಭಾರತದಲ್ಲಿ ಇದು ಪಿತೃಭಕ್ತಿಯ ಕತೆ. ಇಂಗ್ಲೆಂಡಿಗೆ ಹೊರಡುವ ಹೊತ್ತಿನಲ್ಲಿ ಇದನ್ನ ಕೈಗೆತ್ತಿಕೊಂಡ ಇಪ್ಪತ್ತೆರಡರ ಹುಡುಗ, ಮೂಲದಲ್ಲಿ ಇಲ್ಲದ ಒಂದು ಪಾತ್ರ ಸೇರಿಸಿದ: ಪುರುವಿನ ಹೆಂಡತಿ ಚಿತ್ರಲೇಖೆ. ಅಪ್ಪ ಕೇಳಿದ, ಮಗ ಕೊಟ್ಟ, ಇಬ್ಬರೂ ದೊಡ್ಡವರಾದರು. ಮುದುಕನ ಹೆಂಡತಿ ಆಗಬೇಕಾದವಳನ್ನ ಯಾರಾದರೂ ಕೇಳಿದ್ರಾ? ನಾಟಕದಲ್ಲಿ ಆಕೆ ಆ ಪ್ರಶ್ನೆ ಕೇಳಿ ಸತ್ತುಹೋಗ್ತಾಳೆ.

ನಮ್ಮವ್ವ ಸಾಯೋ ಪೈಕಿ ಅಲ್ಲ. ಮಾರನೆ ದಿನ ಫೋನ್ ಮಾಡಿ, “ಅಪ್ಪ ದುಡ್ಡು ಕೇಳ್ತಾವ್ರೆ. ನಿನಗೆ ಬೇಜಾರಿಲ್ವಾ?” ಅಂದೆ.

“ನಾನು ಯಾವತ್ತಾರ ಬ್ಯಾಡ ಅಂದಿದ್ದೀನಾ? ಬ್ಯಾಡ ಅನ್ನಕ್ಕೆ ನನ್ನ ಯಾರ್ ಕೇಳಿದ್ರು?”

ಸುಮ್ಮನಾದೆ. ಅವ್ವನೇ ಮುಂದುವರಿಸಿತು. ಮದುವೆಯಾಗಿ ಬಂದ ಮೇಲೆ ಅಪ್ಪ ಆರೋ ಏಳೋ ನಾಟಕ ಮಾಡಿದಾರೆ. ಒಂದಕ್ಕೆ ಕರೆಯೋ ಹಸ ಹೋಯ್ತು. ಇನ್ನೊಂದಕ್ಕೆ ಅವ್ವನ ಓಲೆ ಅಡವಿಟ್ಟು ಎರಡು ವರ್ಷ ಬಿಡಿಸಲಿಲ್ಲ. ನಾನು ಇದನ್ನೆಲ್ಲ ದುಡ್ಡಿನ ದೂರು ಅಂತ ಕೇಳಿಸ್ಕೊಳ್ತಿದ್ದೆ. ದೂರು ಅದಾಗಿರಲಿಲ್ಲ.

“ಅಷ್ಟೂ ನಾಟ್ಕದಾಗೆ ಒಂದ್ನಾದ್ರೂ ಪೂರ್ತಿ ನೋಡಿದೀನಾ ಕೇಳು. ನಾಟ್ಕದ ದಿನ ನೆಂಟ್ರು ಅರವತ್ತು ಜನ. ಮೇಷ್ಟ್ರಿಗೆ ಊಟ, ಸೀನರಿಯೋರ್ಗೆ ಊಟ, ಆ ಹೆಂಗುಸ್ರಿಗೆ ಊಟ. ಎಲ್ಲಾ ಮುಗ್ಸಿ ಪಾತ್ರೆ ತೊಳ್ದು ಹೋಗೋ ಹೊತ್ಗೆ ನಿಮ್ಮಪ್ಪ ಸತ್ತು ಮಲಗಿರ್ತಿದ್ರು, ಇಲ್ಲಾ ಮಂಗಳಾರತಿ ಆಗ್ತಿತ್ತು.”

“ಈಗೇನ್ ಮಾಡ್ಬೇಕು ಹೇಳವ್ವ.”

“ನೀನು ದುಡ್ಡು ಕೊಡೋದಾದ್ರೆ ಕೊಡು. ಅಡುಗೆಗೆ ಭಟ್ರುನ್ನ ಕರ್ಸು. ನಂಗೆ ಮುಂದ್ಲ ಸಾಲ್ನಾಗೆ ಒಂದ್ ಕುರ್ಚಿ ಹಾಕ್ಸು. ಆ ದ್ರೋಪ್ದಿ ಮಾಡ್ತಾಳಲ್ಲ, ಹಾಸನ್ದವ್ಳು, ಅವ್ಳೇ ಬರ್ಲಿ. ಹೋದ್ಸಲ ಊಟಕ್ಕೆ ಬಂದಾಗ ತಟ್ಟೆ ತೊಳ್ದಿಟ್ಟು ಹೋದ್ಳು, ಪಾಪ.”

ಅಡುಗೆಗೆ ಹೊಳೆನರಸೀಪುರದ ಭಟ್ಟರಿಗೆ ಫೋನ್ ಮಾಡಿದೆ. ಅರವತ್ತು ಜನರಿಗೆ ರಾತ್ರಿ ಊಟ, ಬೆಳಗ್ಗೆ ಉಪ್ಪಿಟ್ಟು ಸೇರಿ ಅವರು ಹೇಳಿದ ರೇಟು ಕರ್ಣನ ಪಾತ್ರದ ಅರ್ಧಕ್ಕೆ ಬಂತು. ಅವ್ವ ಇಷ್ಟು ವರ್ಷ ಪ್ರತಿ ನಾಟಕಕ್ಕೆ ಹಾಕಿದ್ದ ದುಡ್ಡು ಎಷ್ಟು ಅಂತ ನನಗೆ ಗೊತ್ತಾಗಿದ್ದು ಹೀಗೆ, ಕೊಟೇಷನ್ ತರಿಸಿದ ಮೇಲೆ. ದ್ರೌಪದಿ ಪಾತ್ರದವರ ನಂಬರ್ ಮೇಷ್ಟ್ರ ಹತ್ತಿರ ಸಿಕ್ತು. ಹೋದ ಸಲಕ್ಕಿಂತ ಎರಡು ಸಾವಿರ ಜಾಸ್ತಿ ಹೇಳಿದರು. ಆಯ್ತಮ್ಮ ಅಂದೆ. “ಅವತ್ತಿಂದು ಐನೂರು ಅದರಲ್ಲೇ ಸೇರಿದೆ ಸಾರ್” ಅಂದರು.

ನಲವತ್ತು ಸಾವಿರ ಕಳಿಸಿ ಅಪ್ಪನಿಗೆ ವಿಷಯ ತಿಳಿಸಿದೆ. ಭಟ್ಟರು ಬರ್ತಾರೆ, ಅವ್ವನಿಗೆ ಮುಂದಿನ ಸಾಲಲ್ಲಿ ಕುರ್ಚಿ ಅಂತ. ಆ ಕಡೆಯಿಂದ ಸುಮಾರು ಹೊತ್ತು ಮಾತೇ ಬರಲಿಲ್ಲ. ನೆಟ್‌ವರ್ಕ್ ಹೋಯ್ತೇನೋ ಅಂತ ಹಲೋ ಹಲೋ ಅಂದೆ.

“ಮುಂದ್ಲ ಸಾಲೇ ಬೇಕಂತಾ? ಸ್ವಲ್ಪ ಹಿಂದುಕ್ ಹಾಕ್ಸದಪ್ಪಾ,” ಅಂದರು ಅಪ್ಪ. “ನಿಮ್ಮವ್ವ ಎದುರಿಗ್ ಕೂತ್ರೆ ನಂಗೆ ಕಂದ ಮರ್ತೋಯ್ತದೆ ಕಣ್ಲಾ.”